ಕಿತ್ತ ಸೊಪ್ಪು ಕೂಡ ಉಸಿರಾಡುತ್ತದೆ: ಕಮಲಾ ಸೊಹೊನಿ ಬದುಕು ಮತ್ತು ನಮ್ಮ ಸಂತೆಯ ಸೊಪ್ಪು

ಸೊಪ್ಪಿನ ಬಗ್ಗೆ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಎರಡು ಬಗೆ. ಫ್ರಿಜ್‌ನಲ್ಲಿಟ್ಟ ಸೊಪ್ಪಿನಲ್ಲಿ ಸತ್ವವೇ ಉಳಿದಿರುವುದಿಲ್ಲ, ತಿಂದರೂ ಒಂದೇ ಬಿಟ್ಟರೂ ಒಂದೇ ಎನ್ನುವುದು ಒಂದು. ಎಲೆ ಹಸಿರಾಗಿ ಕಾಣುವವರೆಗೂ ಸೊಪ್ಪು ತಾಜಾನೇ, ಚಿಂತೆ ಬೇಡ ಎನ್ನುವುದು ಇನ್ನೊಂದು. ಎರಡನ್ನೂ ನಂಬಿ ಮುಂದಕ್ಕೆ ಕಳಿಸುವವರಿದ್ದಾರೆ. ಎರಡೂ ಪೂರ್ತಿ ನಿಜವಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹಳ್ಳಿಗಳಲ್ಲಿ ಇದು ಬರೀ ಮಾತಿನ ವಿಷಯವಲ್ಲ. ವಾರದ ಸಂತೆಯನ್ನೇ ನಂಬಿದ ಮನೆಗಳು ಇನ್ನೂ ಇವೆ. ಆ ದಿನ ತಂದ ದಂಟು, ಮೆಂತ್ಯ, ಪಾಲಕ್, ಸಬ್ಬಸಿಗೆ ಎಷ್ಟು ದಿನ ಬರುತ್ತದೋ ಅಷ್ಟು ದಿನ ತಟ್ಟೆಯಲ್ಲಿ ಹಸಿರು. ಬಸುರಿ ಹೆಂಗಸರಿಗೆ, ಬೆಳೆಯುವ ಮಕ್ಕಳಿಗೆ, ರಕ್ತಹೀನತೆ ಇರುವವರಿಗೆ ಆ ಸೊಪ್ಪಿನಿಂದ ಸಂತೆಯ ಮರುದಿನ ಎಷ್ಟು ಸಿಗುತ್ತದೆ, ಐದನೇ ದಿನ ಎಷ್ಟು ಸಿಗುತ್ತದೆ ಎನ್ನುವುದು ಆರೋಗ್ಯದ ಪ್ರಶ್ನೆ.

ಈ ಪ್ರಶ್ನೆಯ ಬುಡಕ್ಕೆ ಹೋದರೆ ಒಬ್ಬ ಭಾರತೀಯ ವಿಜ್ಞಾನಿಯ ಬದುಕು ಎದುರಾಗುತ್ತದೆ. ಆಕೆ ಸಂಶೋಧನೆ ಶುರುಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ಹೆಸರು ಕಮಲಾ ಸೊಹೊನಿ. ಅವರ ಕಥೆಯನ್ನು ಹೇಳುತ್ತಲೇ, ಕಿತ್ತ ಸೊಪ್ಪಿನೊಳಗೆ ಏನು ನಡೆಯುತ್ತದೆ ಎಂದೂ ನೋಡೋಣ.

ಬೆಂಗಳೂರಿನಲ್ಲಿ ಮುಚ್ಚಿದ ಬಾಗಿಲು

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ತವರಿನ ಹೆಸರು ಭಾಗವತ್. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಬೆಂಗಳೂರಿನಲ್ಲಿ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭದ ದಿನಗಳಲ್ಲೇ ಕಲಿತವರು. ಹಾಗಾಗಿ ಮಗಳಿಗೂ ಅಲ್ಲೇ ಸಂಶೋಧನೆ ಮಾಡುವ ಆಸೆ ಹುಟ್ಟಿದ್ದು ಸಹಜ.

1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಯಿತು. ಅಂಕಪಟ್ಟಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಮೇಲಿತ್ತು. ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪಡೆದ ಸರ್ ಸಿ.ವಿ. ರಾಮನ್. ಹೆಣ್ಣುಮಕ್ಕಳಿಗೆ ಸಂಶೋಧನೆ ಆಗುವ ಕೆಲಸವಲ್ಲ ಎನ್ನುವ ಕಾರಣಕ್ಕೆ ಅರ್ಜಿಯನ್ನು ಅವರು ತಿರಸ್ಕರಿಸಿದರು. ರಾಮನ್ ಅವರ ಭೌತಶಾಸ್ತ್ರದ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಈ ತೀರ್ಮಾನ ತಪ್ಪಾಗಿತ್ತು.

ಕಮಲಾ ವಾಪಸು ಹೋಗಲಿಲ್ಲ. ನಿರ್ದೇಶಕರ ಕಚೇರಿಯೆದುರು ಸತ್ಯಾಗ್ರಹಕ್ಕೆ ಕೂತರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಅವರನ್ನು ಪೂರ್ಣಪ್ರಮಾಣದ ವಿದ್ಯಾರ್ಥಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ತಡವಾಗಿಯೂ ಕೆಲಸ ಮಾಡಬೇಕು. ಅವರಿರುವುದರಿಂದ ಪ್ರಯೋಗಾಲಯದ ಗಂಡಸರ ಗಮನ ಕೆಡಬಾರದು. ಇವು ಷರತ್ತುಗಳು. ಅವಮಾನವೆನಿಸಿದರೂ ಕಮಲಾ ಒಪ್ಪಿಕೊಂಡರು. ತಮಗೆ ಬೇಕಾಗಿದ್ದು ಪ್ರಯೋಗಾಲಯದೊಳಗೆ ಒಂದು ಮೇಜು ಎಂದು ಅವರಿಗೆ ಗೊತ್ತಿತ್ತು.

ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮೇಷ್ಟ್ರು, ಆದರೆ ಕಲಿಯುವವರಿಗೆ ಧಾರಾಳವಾಗಿ ಕಲಿಸುವವರು. ಅವರ ಕೈಕೆಳಗೆ ಕಮಲಾ ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೂ ಆ ಕೆಲಸದ ಮೇಲೆ ನಂಬಿಕೆ ಬಂತು, ಷರತ್ತಿನ ಅವಧಿ ಮುಗಿಯಿತು. 1936ರಲ್ಲಿ ಈ ಸಂಶೋಧನೆಗೆ ಎಂ.ಎಸ್ಸಿ. ಪದವಿ ದೊರೆಯಿತು.

ಬೇಳೆ, ಹಾಲು ಎಂದರೆ ಬಡವರ ಊಟ. ಆಗ ಆರಿಸಿಕೊಂಡ ಈ ದಾರಿಯನ್ನು ಕಮಲಾ ಕೊನೆಯವರೆಗೂ ಬಿಡಲಿಲ್ಲ.

ಕೇಂಬ್ರಿಡ್ಜ್‌ನ ಆ ಪ್ರಯೋಗಾಲಯ

1937ರಲ್ಲಿ ಕಮಲಾ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಸೇರಿದ್ದು ಸರ್ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಾಲಯ. ಜೀವಸತ್ವಗಳ ಬಗೆಗಿನ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಡೆದವರು ಈ ಹಾಪ್‌ಕಿನ್ಸ್. ನಮ್ಮ ಸೊಪ್ಪಿನ ಕಥೆಗೆ ಈ ಪ್ರಯೋಗಾಲಯ ತುಂಬಾ ಮುಖ್ಯ.

ಕಮಲಾ ಹೋಗುವುದಕ್ಕೆ ಸುಮಾರು ಹತ್ತು ವರ್ಷ ಮೊದಲು ಹಂಗೆರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಎಂಬ ವಿಜ್ಞಾನಿ ಅದೇ ಪ್ರಯೋಗಾಲಯದಲ್ಲಿದ್ದರು. ಕೊಯ್ದ ಆಲೂಗಡ್ಡೆ, ಸೇಬು ಕಪ್ಪಗಾಗುತ್ತವೆ, ನಿಂಬೆಹಣ್ಣು ಆಗುವುದಿಲ್ಲ, ಯಾಕೆ ಎನ್ನುವುದು ಅವರ ತಲೆ ಕೊರೆದ ಪ್ರಶ್ನೆಗಳಲ್ಲಿ ಒಂದು. ನಮ್ಮ ಅಡುಗೆಮನೆಗೆ ಈ ಪ್ರಶ್ನೆ ಹೊಸದಲ್ಲ. ಬಾಳೆದಿಂಡು ಹೆಚ್ಚಿದ ತಕ್ಷಣ ಮಜ್ಜಿಗೆ ನೀರಿಗೆ ಹಾಕುವುದು, ಬದನೆಕಾಯಿ ಹೋಳನ್ನು ನೀರಿಗೆ ಬಿಡುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹೋಳಿಗೆ ಗಾಳಿ ತಾಗುವುದು ಕಡಿಮೆಯಾಗುತ್ತದೆ, ಮಜ್ಜಿಗೆಯ ಹುಳಿ ಕಪ್ಪಾಗಿಸುವ ಕಿಣ್ವದ ಕೆಲಸವನ್ನು ನಿಧಾನ ಮಾಡುತ್ತದೆ. ಸೆಂಟ್ ಜ್ಯೋರ್ಜಿ ನೋಡಿದ್ದು ಇದರ ಇನ್ನೊಂದು ಮುಖವನ್ನು. ನಿಂಬೆ, ಕಿತ್ತಳೆ, ಕೋಸುಗಳ ರಸದಲ್ಲಿರುವ ಯಾವುದೋ ಒಂದು ವಸ್ತು ಈ ಬಣ್ಣಗೆಡುವ ಕ್ರಿಯೆಯನ್ನು ತಡೆಹಿಡಿಯುತ್ತಿತ್ತು.

ಆ ವಸ್ತುವನ್ನು ಅವರು ಬೇರ್ಪಡಿಸಿದರು. 1932ರಲ್ಲಿ ಗೊತ್ತಾಯಿತು, ಅದೇ ಸಿ ಜೀವಸತ್ವ. ಕಮಲಾ ಇಂಗ್ಲೆಂಡಿಗೆ ಹೋದ 1937ರಲ್ಲೇ ಸೆಂಟ್ ಜ್ಯೋರ್ಜಿ ಅವರಿಗೆ ನೊಬೆಲ್ ಬಂತು. ಇನ್ನು 1936ರಲ್ಲಿ ಹಾಪ್‌ಕಿನ್ಸ್ ಮತ್ತು ಅವರ ಸಹೋದ್ಯೋಗಿ ಹೂಕೋಸಿನ ರಸ ತೆಗೆದು, ಸಿ ಜೀವಸತ್ವ ಹೇಗೆ ನಾಶವಾಗುತ್ತದೆ ಎಂದು ನೋಡಿದ್ದರು. ಗ್ಲುಟಾಥಯೋನ್ ಎಂಬ ಇನ್ನೊಂದು ವಸ್ತು ಜೊತೆಗಿದ್ದರೆ ಸಿ ಜೀವಸತ್ವ ಉಳಿದುಕೊಳ್ಳುತ್ತದೆ ಎನ್ನುವುದು ಅವರು ಕಂಡ ವಿಷಯ.

ಇವತ್ತು ಪುಡಿ, ಮಾತ್ರೆ, ಚಹಾ ಪೊಟ್ಟಣಗಳ ಮೇಲೆಲ್ಲ ಕಾಣುವ ಆಂಟಿಆಕ್ಸಿಡೆಂಟ್ ಎನ್ನುವ ಪದದ ಹಿಂದಿರುವುದು ಇಂಥ ಕೆಲಸ. ಪಠ್ಯಪುಸ್ತಕಗಳು ಇದನ್ನು ಉತ್ಕರ್ಷಣ ನಿರೋಧಕ ಎನ್ನುತ್ತವೆ. ಸರಳವಾಗಿ ಹೇಳುವುದಾದರೆ, ಆಮ್ಲಜನಕದಿಂದ ಜೀವಕೋಶಕ್ಕೆ ಆಗುವ ಪೆಟ್ಟನ್ನು ತಾನೇ ತೆಗೆದುಕೊಂಡು ಉಳಿದದ್ದನ್ನು ಕಾಯುವ ವಸ್ತು. ಸಿ ಜೀವಸತ್ವ, ಇ ಜೀವಸತ್ವ, ಬೀಟಾ ಕ್ಯಾರೋಟಿನ್, ಲೂಟಿನ್, ಒಗರು ರುಚಿ ಕೊಡುವ ಫೀನಾಲ್‌ಗಳು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಗಿಡ ಇವನ್ನು ನಮಗಾಗಿ ಮಾಡಿಟ್ಟದ್ದಲ್ಲ, ತನ್ನ ಎಲೆಯನ್ನು ಉಳಿಸಿಕೊಳ್ಳಲು ಮಾಡಿಕೊಂಡದ್ದು. ಈ ಒಂದು ಮಾತು ನೆನಪಿನಲ್ಲಿದ್ದರೆ ಮುಂದಿನದು ಸುಲಭ.

ಆಲೂಗಡ್ಡೆಯೊಳಗಿನ ಉಸಿರು

ಕೇಂಬ್ರಿಡ್ಜ್‌ನಲ್ಲಿ ಕಮಲಾ ಮೊದಲು ಡೆರೆಕ್ ರಿಕ್ಟರ್ ಅವರ ಜೊತೆ ಕೆಲಸ ಮಾಡಿದರು. ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಮಾರ್ಗದರ್ಶನ. ಎಲೆ ಬೆಳಕಿನಲ್ಲಿ ಆಮ್ಲಜನಕ ಬಿಡುವ ಬಗೆಯನ್ನು ಬಿಡಿಸಿ ತೋರಿಸಿ ಮುಂದೆ ಹೆಸರಾದವರು ಈ ಹಿಲ್. ಅವರ ಜೊತೆ ಕಮಲಾ ಸಸ್ಯಗಳ ಅಂಗಾಂಶವನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಅವರ ಕೈಗೆ ಸಿಕ್ಕಿದ್ದು ಆಲೂಗಡ್ಡೆ.

ಪ್ರಾಣಿಗಳ ಜೀವಕೋಶದಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಇದೆ. ತಿಂದ ಆಹಾರದಿಂದ ಶಕ್ತಿ ತೆಗೆಯುವಾಗ ಎಲೆಕ್ಟ್ರಾನ್‌ಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, ಕೊನೆಗೆ ಆಮ್ಲಜನಕಕ್ಕೆ ತಲುಪಿಸುವ ಸಾಲಿನಲ್ಲಿ ಇದೂ ಒಂದು. ಜೀವಕೋಶದ ಮಟ್ಟದಲ್ಲಿ ಉಸಿರಾಟ ಎಂದರೆ ಇದೇ. ಕಮಲಾ ಆಲೂಗಡ್ಡೆಯಲ್ಲಿ, ಸಸ್ಯದ ಅಂಗಾಂಶದಲ್ಲಿ, ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. ಅಂದರೆ ದನ, ಮನುಷ್ಯರ ಜೀವಕೋಶ ಉಸಿರಾಡುವ ಬಗೆಯಲ್ಲೇ ಗಿಡದ ಜೀವಕೋಶವೂ ಉಸಿರಾಡುತ್ತದೆ.

ಈ ಕೆಲಸದ ಮೇಲೆ ಅವರು ಬರೆದ ಪ್ರಬಂಧ 40 ಪುಟದ್ದು. ಕೇಂಬ್ರಿಡ್ಜ್‌ಗೆ ಬಂದ 14 ತಿಂಗಳೊಳಗೆ ಅದು ಮುಗಿದಿತ್ತು. 1939ರಲ್ಲಿ ಪಿಎಚ್‌.ಡಿ. ದೊರೆಯಿತು.

ಇಲ್ಲೊಂದು ತಿದ್ದುಪಡಿ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಕಮಲಾ ಸೊಹೊನಿ ಎಂಬ ಸಂದೇಶ ಹರಿದಾಡುತ್ತಿರುತ್ತದೆ. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದಿದ್ದರು. ಪಿಎಚ್‌.ಡಿ. ಎಂಬ ಹೆಸರಿನ ಪದವಿ ಎಂದು ಹಿಡಿದರೆ ಕಮಲಾ ಅವರನ್ನು ಮೊದಲಿಗರು ಎನ್ನುವುದುಂಟು. ಯಾರು ಮೊದಲು ಎನ್ನುವುದಕ್ಕಿಂತ ಅವರು ಕಂಡದ್ದು ಏನು ಎನ್ನುವುದು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂತೆಯಿಂದ ತಂದ ಕಟ್ಟಿನೊಳಗೆ ಏನಾಗುತ್ತದೆ

ಗಿಡದಿಂದ ಬೇರೆಯಾದ ಸೊಪ್ಪು ತಕ್ಷಣ ಸಾಯುವುದಿಲ್ಲ. ಎಲೆಯ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ. ವ್ಯತ್ಯಾಸ ಇಷ್ಟೇ. ಗಿಡದಲ್ಲಿದ್ದಾಗ ಬೇರಿನಿಂದ ನೀರು ಬರುತ್ತಿತ್ತು, ಬಿಸಿಲಿನಿಂದ ಸಕ್ಕರೆ ತಯಾರಾಗುತ್ತಿತ್ತು. ಕಿತ್ತ ಮೇಲೆ ಆದಾಯ ನಿಂತುಹೋಗಿ ಖರ್ಚು ಮಾತ್ರ ಉಳಿಯುತ್ತದೆ. ಕೂಡಿಟ್ಟ ಸಕ್ಕರೆ ಕರಗುತ್ತದೆ, ನೀರು ಆವಿಯಾಗುತ್ತದೆ, ಎಲೆ ಬಾಡುತ್ತದೆ.

ಈ ಸಂಕಟದಲ್ಲಿ ಎಲೆಯೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಅವನ್ನು ತಟಸ್ಥ ಮಾಡಲು ಎಲೆ ತನ್ನ ಸಿ ಜೀವಸತ್ವವನ್ನು ಬಳಸುತ್ತದೆ. ಹಾಪ್‌ಕಿನ್ಸ್ ಕಂಡಿದ್ದ ಗ್ಲುಟಾಥಯೋನ್ ಬಳಕೆಯಾದ ಸಿ ಜೀವಸತ್ವವನ್ನು ಮತ್ತೆ ಸರಿಮಾಡಿ ಕೊಡುತ್ತಿರುತ್ತದೆ. ಎಲೆಯ ದಾಸ್ತಾನು ಮುಗಿಯುತ್ತ ಬಂದಂತೆ ಈ ರಿಪೇರಿ ಕೆಲಸವೂ ಸೋಲುತ್ತದೆ. ಆಮೇಲೆ ಸಿ ಜೀವಸತ್ವ ಮತ್ತೆ ಸರಿಪಡಿಸಲಾಗದ ಹಾಗೆ ಒಡೆದುಹೋಗುತ್ತದೆ. ಎಲೆ ಹಳದಿಯಾಗುವುದು ಇದರ ಮುಂದಿನ ಹಂತ, ಹಸಿರು ಬಣ್ಣದ ಕ್ಲೋರೋಫಿಲ್ ಕರಗಿದಾಗ. ಆದ್ದರಿಂದಲೇ ಎಲೆ ಹಸಿರಾಗಿದೆ ಎಂದ ಮಾತ್ರಕ್ಕೆ ಸಿ ಜೀವಸತ್ವ ಉಳಿದಿದೆ ಎನ್ನಲಾಗುವುದಿಲ್ಲ. ಬಣ್ಣ ಕೆಡುವ ಮೊದಲೇ ಅದರಲ್ಲಿ ಹೆಚ್ಚಿನ ಪಾಲು ಹೋಗಿರಬಹುದು.

ಶಾಖ ಹೆಚ್ಚಿದಂತೆ ಈ ಉಸಿರಾಟ ಜೋರಾಗುತ್ತದೆ. ಸಾಮಾನ್ಯವಾಗಿ 10 ಡಿಗ್ರಿ ಹೆಚ್ಚಿದರೆ ಉಸಿರಾಟದ ವೇಗ ಎರಡು ಮೂರು ಪಟ್ಟಾಗುತ್ತದೆ. ಕಡೂರಿನ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನ ಬೈಕಿನ ಹ್ಯಾಂಡಲ್‌ಗೆ ಸೊಪ್ಪಿನ ಚೀಲ ನೇತುಹಾಕಿಕೊಂಡು ಬಂದರೆ, ಫ್ರಿಜ್‌ನಲ್ಲಿ ಇಡೀ ದಿನ ಆಗದ ಖರ್ಚು ದಾರಿಯಲ್ಲೇ ಆಗಿಬಿಡಬಹುದು.

ಅಳತೆಗಳು ಏನು ಹೇಳುತ್ತವೆ? ಪಾಲಕ್ ಸೊಪ್ಪನ್ನು 20 ಡಿಗ್ರಿಯಲ್ಲಿ ಒಂದು ವಾರ ಇಟ್ಟಾಗ ಸಿ ಜೀವಸತ್ವ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಫ್ರಿಜ್‌ನ 4 ಡಿಗ್ರಿಯಲ್ಲೂ ವಾರದಲ್ಲಿ ಸುಮಾರು ಮುಕ್ಕಾಲು ಭಾಗ ಕಡಿಮೆಯಾಗಿತ್ತು. ಹಸಿ ಬಟಾಣಿ ಅದೇ ಫ್ರಿಜ್‌ನಲ್ಲಿ ಒಂದು ವಾರಕ್ಕೆ ಕಳೆದುಕೊಂಡದ್ದು ಸುಮಾರು 15 ಶೇಕಡಾ ಮಾತ್ರ. ಕ್ಯಾರೆಟ್ ಇನ್ನೂ ಕಡಿಮೆ. ತೆಳ್ಳಗಿನ, ಅಗಲವಾದ ಎಲೆಗೆ ನಷ್ಟ ಜಾಸ್ತಿ, ಸಿಪ್ಪೆಯೊಳಗೆ ಕೂತ ಕಾಳಿಗೆ, ನೆಲದೊಳಗಿನ ಗಡ್ಡೆಗೆ ಕಡಿಮೆ. ತಳಿ, ಹವೆ, ಕೊಯ್ಲಿನ ಹೊತ್ತು ಬದಲಾದರೆ ಅಂಕಿಗಳೂ ಬದಲಾಗುತ್ತವೆ, ಆದರೆ ಸಾಲು ಇದೇ.

ಬಸುರಿಯರಿಗೆ ಬೇಕಾದ ಫೋಲೇಟ್ ಕೂಡ ಇದೇ ದಾರಿ ಹಿಡಿಯುತ್ತದೆ. ಪೊಟ್ಟಣ ಕಟ್ಟಿದ ಪಾಲಕ್ ಮೇಲೆ ನಡೆದ ಒಂದು ಅಮೆರಿಕನ್ ಅಧ್ಯಯನದಲ್ಲಿ ಫೋಲೇಟ್ ಸುಮಾರು ಅರ್ಧಕ್ಕೆ ಇಳಿಯಲು 4 ಡಿಗ್ರಿಯಲ್ಲಿ 8 ದಿನ, 10 ಡಿಗ್ರಿಯಲ್ಲಿ 6 ದಿನ, 20 ಡಿಗ್ರಿಯಲ್ಲಿ 4 ದಿನ ಹಿಡಿಯಿತು. ಫ್ರಿಜ್ ಸತ್ವ ಕೊಲ್ಲುತ್ತದೆ ಎನ್ನುವ ಸಂದೇಶ ತಪ್ಪು ಎನ್ನಲು ಈ ಸಾಲು ಒಂದೇ ಸಾಕು. ಫ್ರಿಜ್ ನಷ್ಟವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಎಲ್ಲವೂ ಒಂದೇ ವೇಗದಲ್ಲಿ ಹೋಗುವುದೂ ಇಲ್ಲ. ಬೀಟಾ ಕ್ಯಾರೋಟಿನ್, ಲೂಟಿನ್ ಸಿ ಜೀವಸತ್ವಕ್ಕಿಂತ ಹೆಚ್ಚು ದಿನ ತಡೆಯುತ್ತವೆ. ಫೀನಾಲ್‌ಗಳು ಕೆಲವೊಮ್ಮೆ ಹೆಚ್ಚುವುದೂ ಉಂಟು, ಏಕೆಂದರೆ ಗಾಯವಾದ ಅಂಗಾಂಶ ತನ್ನ ರಕ್ಷಣೆಗೆ ಅವನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಕಬ್ಬಿಣ, ಸುಣ್ಣದ ಅಂಶ, ನಾರು ಎಲ್ಲೂ ಹೋಗುವುದಿಲ್ಲ. ಐದು ದಿನದ ದಂಟಿನ ಸೊಪ್ಪಿನಲ್ಲೂ ಅವು ಇದ್ದೇ ಇರುತ್ತವೆ.

ಎಲೆಗೆ ಜೀವವಿದೆ ಎನ್ನುವುದಕ್ಕೆ ಇನ್ನೊಂದು ಪುರಾವೆ ಇದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕಿತ್ತ ಪಾಲಕ್ ಎಲೆಗಳನ್ನು ತಂಪಿನಲ್ಲಿ, ಅಂಗಡಿಯ ದೀಪದಂಥ ಬೆಳಕಿನಡಿ ಇಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕತ್ತಲಲ್ಲಿಟ್ಟ ಎಲೆಗಳಿಗಿಂತ ಬೆಳಕಿನಲ್ಲಿಟ್ಟವುಗಳಲ್ಲಿ ಸಿ ಜೀವಸತ್ವ, ಫೋಲೇಟ್ ಹೆಚ್ಚಿದ್ದವು. ಕಿತ್ತ ಎಲೆ ಬೆಳಕಿನಲ್ಲಿ ಇನ್ನೂ ಸಕ್ಕರೆ ತಯಾರಿಸುತ್ತಿತ್ತು. ಹಾಗೆಂದು ಸೊಪ್ಪನ್ನು ಬಿಸಿಲಿಗೆ ಇಡಬೇಡಿ. ಬಿಸಿಲಿನ ಶಾಖಕ್ಕೆ ಎಲೆ ಬೇಗ ಬಾಡುತ್ತದೆ.

ಭಾರತಕ್ಕೆ ವಾಪಸು

ಕೇಂಬ್ರಿಡ್ಜ್‌ನಲ್ಲೇ ಉಳಿಯುವ ಅವಕಾಶ ಇದ್ದಿರಬಹುದಾದ ವಿದ್ಯಾರ್ಥಿನಿ 1939ರಲ್ಲಿ ದೇಶಕ್ಕೆ ಮರಳಿದರು. ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಬಳಿಕ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪಾಠ ಹೇಳಿದರು. ಅದರ ನಿರ್ದೇಶಕಿಯ ಹುದ್ದೆ ಅವರಿಗೆ ಸಲ್ಲಬೇಕಾದ ಕಾಲಕ್ಕಿಂತ ವರ್ಷಗಟ್ಟಲೆ ತಡವಾಗಿ ಬಂತು. ಅದಕ್ಕೂ ಹೆಣ್ಣು ಎನ್ನುವುದೇ ಅಡ್ಡಿಯಾಗಿತ್ತು.

ಮುಂಬೈನಲ್ಲಿ ಅವರ ವಿದ್ಯಾರ್ಥಿಗಳ ಮೇಜಿನ ಮೇಲೆ ಇದ್ದದ್ದೆಲ್ಲ ಸಾಮಾನ್ಯರು ತಿನ್ನುವ ಪದಾರ್ಥಗಳೇ: ಬೇಳೆಕಾಳು, ಅಕ್ಕಿಯ ಹಿಟ್ಟು, ನೀರಾ. ಆರೆ ಹಾಲಿನ ಯೋಜನೆಗೂ ಹಾಲಿನ ಗುಣಮಟ್ಟದ ಬಗ್ಗೆ ಸಲಹೆ ಕೊಟ್ಟರು. ನೀರಾ ಮೇಲಿನ ಕೆಲಸಕ್ಕೆ ಸೂಚನೆ ಕೊಟ್ಟವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ತಾಳೆಯ ಜಾತಿಯ ಮರಗಳ ಹೊಂಬಾಳೆಯಿಂದ ಇಳಿಸುವ ಈ ರಸ ತೆಂಗಿನ ನಾಡಾದ ಕಡೂರಿನವರಿಗೆ ಹೊಸದೇನಲ್ಲ. ಇಳಿಸಿದ ಕೆಲವೇ ಗಂಟೆಯಲ್ಲಿ ಹುಳಿಯೇರಿ ಹೆಂಡವಾಗುವ ಪಾನೀಯ ಅದು. ತಾಜಾ ನೀರಾದಲ್ಲಿ ಸಿ ಜೀವಸತ್ವ, ಕಬ್ಬಿಣ ಮೊದಲಾದವು ಒಳ್ಳೆಯ ಪ್ರಮಾಣದಲ್ಲಿವೆ, ಅದನ್ನು ಬತ್ತಿಸಿ ಬೆಲ್ಲ ಮಾಡಿದಾಗಲೂ ಇವು ಉಳಿಯಬಲ್ಲವು ಎಂದು ಅವರ ಗುಂಪು ಕಂಡಿತು. ಅಪೌಷ್ಟಿಕತೆಯಿದ್ದ ಬುಡಕಟ್ಟು ಮಕ್ಕಳು ಮತ್ತು ಬಸುರಿಯರ ಊಟಕ್ಕೆ ನೀರಾ ಸೇರಿಸಿದಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಸಂದಿತು.

ಕೆಡುವ ಆಹಾರದಲ್ಲಿ ಎಷ್ಟು ಉಳಿದಿದೆ ಎಂದು ಅಳೆದು ನೋಡಬೇಕೇ ಹೊರತು, ಎಲ್ಲ ಇದೆ ಎಂದಾಗಲಿ ಏನೂ ಇಲ್ಲ ಎಂದಾಗಲಿ ತೀರ್ಮಾನ ಮಾಡಬಾರದು. ನೀರಾಕ್ಕೆ ಅನ್ವಯಿಸುವ ಈ ಮಾತು ಸೊಪ್ಪಿಗೂ ಅನ್ವಯಿಸುತ್ತದೆ.

ನಮಗೆ ಯಾಕೆ ಇಷ್ಟು ಮುಖ್ಯ

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಹಸುಗಳಿಗೆ ಸಿ ಜೀವಸತ್ವದ ಚಿಂತೆಯಿಲ್ಲ. ದನ, ನಾಯಿ, ಮೇಕೆಗಳು ಅದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರು, ಮಂಗಗಳು ಈ ಶಕ್ತಿ ಕಳೆದುಕೊಂಡಿದ್ದೇವೆ. ನಮಗೆ ಅದು ತಟ್ಟೆಯಿಂದಲೇ ಬರಬೇಕು.

ಸಿ ಜೀವಸತ್ವಕ್ಕೆ ಇನ್ನೊಂದು ಕೆಲಸ ಇದೆ. ರಾಗಿ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ಹಿಡಿಯುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಹಿಡಿಯುತ್ತದೆ. ಐದನೇ ದಿನದ ಸೊಪ್ಪಿನ ಸಾರಿನಲ್ಲಿ ಕಬ್ಬಿಣ ಇದೆ, ಅದನ್ನು ಒಳಗೆ ಕರೆದುಕೊಳ್ಳುವ ಜೊತೆಗಾರ ಇಲ್ಲ. ಪರಿಹಾರ ದುಬಾರಿಯದ್ದಲ್ಲ. ಸಾರು ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಊಟದ ಜೊತೆ ಒಂದು ಸೀಬೆಹಣ್ಣು ತಿನ್ನಿ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಒಬ್ಬರ ದಿನದ ಅಗತ್ಯಕ್ಕಿಂತ ಅದು ಹೆಚ್ಚೇ.

ಸೊಪ್ಪಿನಲ್ಲಿ ಸತ್ವ ಹೋಯಿತು ಎಂದು ಹೆದರಿಸಿ ಆಂಟಿಆಕ್ಸಿಡೆಂಟ್ ಮಾತ್ರೆ ಮಾರುವವರ ಮಾತಿಗೆ ಮರುಳಾಗಬೇಡಿ. ಫಿನ್‌ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚಾಗಿತ್ತು. ಎಲೆಯಲ್ಲಿರುವ ಒಂದು ವಸ್ತುವನ್ನು ಮಾತ್ರ ತೆಗೆದು ದೊಡ್ಡ ಪ್ರಮಾಣದಲ್ಲಿ ನುಂಗುವುದೂ ಸೊಪ್ಪು ತಿನ್ನುವುದೂ ಒಂದೇ ಅಲ್ಲ. ವೈದ್ಯರು ಬಸುರಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯ ಮಾತು ಬೇರೆ, ಅದನ್ನು ತಪ್ಪಿಸಬಾರದು.

ಮನೆಯಲ್ಲಿ ಮಾಡಬಹುದಾದದ್ದು

ಸಂತೆಯ ತರಕಾರಿಯನ್ನು ಬೇಗ ಕೆಡುವ ಲೆಕ್ಕದಲ್ಲಿ ಬಳಸಿ. ಮೊದಲ ಎರಡು ದಿನ ಸೊಪ್ಪು, ಆಮೇಲೆ ಬೀನ್ಸ್, ಬೆಂಡೆ, ವಾರದ ಕೊನೆಗೆ ಕೋಸು, ಕ್ಯಾರೆಟ್, ಗಡ್ಡೆ, ಕುಂಬಳ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿದರೆ ದೊಡ್ಡ ಲಾಭ.

ಸೊಪ್ಪನ್ನು ಸಂತೆಯಲ್ಲಿ ಕೊನೆಗೆ ಕೊಳ್ಳಿ. ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲಿ ತನ್ನಿ. ಬೇರು ಸಮೇತ ಸಿಕ್ಕರೆ ಅದನ್ನೇ ಆರಿಸಿ, ಬೇರಿನ ತುದಿ ನೀರಿನಲ್ಲಿರುವಂತೆ ಇಟ್ಟರೆ ಬೇಗ ಬಾಡುವುದಿಲ್ಲ.

ಫ್ರಿಜ್ ಇದ್ದರೆ ಕೊಳೆತ ಎಲೆ ತೆಗೆದು, ಒಣ ಬಟ್ಟೆ ಅಥವಾ ಕಾಗದದಲ್ಲಿ ಸುತ್ತಿ, ತೂತಿರುವ ಕವರಿನಲ್ಲಿಡಿ. ನೀರು ಸೋರುತ್ತಿರುವಾಗಲೇ ಇಟ್ಟರೆ ಕೊಳೆಯುತ್ತದೆ. ಮಾಗಿದ ಬಾಳೆ, ಮಾವು, ಟೊಮ್ಯಾಟೊ ಪಕ್ಕದಲ್ಲಿ ಬೇಡ. ಅವು ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಬೇಗ ಹಳದಿ ಮಾಡುತ್ತದೆ.

ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಗೋಣಿ ಮುಚ್ಚಿ. ಬಯಲುಸೀಮೆಯ ಒಣಗಾಳಿಗೆ ಇದು ಚೆನ್ನಾಗಿ ತಂಪಾಗುತ್ತದೆ. ಮಳೆಗಾಲದಲ್ಲಿ, ಮಲೆನಾಡಿಗೆ ಹತ್ತಿರದ ತರೀಕೆರೆ ಕಡೆಯ ತೇವದ ಗಾಳಿಯಲ್ಲಿ, ಅಷ್ಟು ಉಪಯೋಗ ಕಾಣುವುದಿಲ್ಲ.

ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಸೊಪ್ಪನ್ನು ನೀರಿನಲ್ಲಿ ನೆನೆಹಾಕಬೇಡಿ, ರಾತ್ರಿಯೇ ಹೆಚ್ಚಿಡಬೇಡಿ. ಹೆಚ್ಚಿದಾಗ ಜೀವಕೋಶ ಒಡೆದು, ಸಿ ಜೀವಸತ್ವವನ್ನು ನಾಶಮಾಡುವ ಕಿಣ್ವ ಅದನ್ನು ಸೇರುತ್ತದೆ.

ಕಡಿಮೆ ನೀರಿನಲ್ಲಿ, ಮುಚ್ಚಳ ಹಾಕಿ, ಬೇಯುವಷ್ಟೇ ಬೇಯಿಸಿ. ಬಣ್ಣಕ್ಕೆಂದು ಅಡುಗೆ ಸೋಡಾ ಹಾಕಬೇಡಿ, ಅದು ಸಿ ಜೀವಸತ್ವವನ್ನು ಬೇಗ ಕೆಡಿಸುತ್ತದೆ. ಬೆಂದ ನೀರನ್ನು ಚೆಲ್ಲಬೇಡಿ. ಬಸ್ಸಾರು, ಉಪ್ಸಾರು ಮಾಡುವವರು ಬಸಿದ ನೀರನ್ನೇ ಸಾರು ಮಾಡುತ್ತಾರೆ. ನೀರಿಗಿಳಿದ ಜೀವಸತ್ವದಲ್ಲಿ ಒಂದು ಪಾಲಾದರೂ ಹಾಗೆ ಹೊಟ್ಟೆಗೆ ಬರುತ್ತದೆ.

ಬಾಡಿದ ಸೊಪ್ಪು, ಅಂಚು ಹಳದಿಯಾದ ಸೊಪ್ಪು ವಿಷವಲ್ಲ. ಹಳದಿ ಎಲೆ ತೆಗೆದು ಬಳಸಿ. ಲೋಳೆ ಬಂದಿದ್ದರೆ, ಬೂಷ್ಟು ಹಿಡಿದಿದ್ದರೆ, ಕೆಟ್ಟ ವಾಸನೆ ಇದ್ದರೆ ಮಾತ್ರ ತಿಪ್ಪೆಗೆ ಹಾಕಿ. ಹಿತ್ತಲಲ್ಲಿ ಜಾಗವಿದ್ದರೆ ಒಂದು ನುಗ್ಗೆ, ಒಂದು ಬಸಳೆ ಬಳ್ಳಿ ನೆಡಿ. ಕಿತ್ತ ಹತ್ತು ನಿಮಿಷಕ್ಕೆ ಒಲೆಯ ಮೇಲಿರುವ ಸೊಪ್ಪಿಗೆ ಯಾವ ಫ್ರಿಜ್ಜೂ ಸಮವಲ್ಲ.

ಕೊನೆಯ ವರ್ಷಗಳು

1966ರಲ್ಲಿ ಮುಂಬೈನಲ್ಲಿ ಕೆಲವು ಮಹಿಳೆಯರು ಸೇರಿ ಗ್ರಾಹಕರಿಗೆ ತಿಳಿವಳಿಕೆ ಕೊಡುವ ಸಂಘವೊಂದನ್ನು ಕಟ್ಟಿದರು. ಅದೇ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ. ಕಮಲಾ ಅದರಲ್ಲಿ ಸಕ್ರಿಯರಾಗಿದ್ದರು, 1982-83ರಲ್ಲಿ ಅಧ್ಯಕ್ಷೆಯೂ ಆದರು. ಸಂಘದ ಪತ್ರಿಕೆ ಕೀಮತ್‌ನಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಜನರಿಗೆ ಅರ್ಥವಾಗುವಂತೆ ಬರೆದರು. ಕೇಂಬ್ರಿಡ್ಜ್‌ನಲ್ಲಿ ಕಲಿತ ಜೀವರಸಾಯನವನ್ನು ಅಂಗಡಿಯಲ್ಲಿ ಚೀಲ ಹಿಡಿದು ನಿಂತವರ ಕೈಗೆ ತಲುಪಿಸಿದರು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಡಿಸಿತ್ತು. ಆ ಸಮಾರಂಭದಲ್ಲೇ ಅವರು ಕುಸಿದುಬಿದ್ದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. 2023ರ ಜೂನ್ 18ರಂದು, ಅವರ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಅಂದು ಎಷ್ಟೋ ಜನ ಅವರ ಹೆಸರನ್ನು ಮೊದಲ ಸಲ ಕೇಳಿದರು.

ಸೊಪ್ಪಿನ ಬಗ್ಗೆ ಮುಂದಿನ ಸಲ ಮೊಬೈಲಿಗೆ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ಯಾವ ಸತ್ವದ ಬಗ್ಗೆ ಹೇಳುತ್ತಿದ್ದಾರೆ? ಎಷ್ಟು ದಿನಕ್ಕೆ, ಎಷ್ಟು ಶಾಖದಲ್ಲಿ? ಅಳೆದು ನೋಡಿದವರು ಯಾರು? ಉತ್ತರ ಇಲ್ಲದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಸಂತೆಯಿಂದ ತಂದ ಸೊಪ್ಪು ಇನ್ನೂ ಚೀಲದಲ್ಲೇ ಇದ್ದರೆ, ಮೊದಲು ಅದನ್ನು ತೆಗೆದು ತಂಪಿಗಿಡಿ.